ಹಂಡೆ ಒಲೆಯ ಹಲಗೆ ಮೇಲೆ ಇಟ್ಟ ಲ್ಯಾಪ್‌ಟಾಪ್

ಎಳೆ ಬಿದಿರಿನ ಕಳಲೆ ಹೆಚ್ಚುತ್ತಿದ್ದೆ. ಕೊಟ್ಟಿಗೆಹಾರದ ಕಡೆ ಹೋಗಿದ್ದ ಪಕ್ಕದ ಮನೆಯವರು ತಂದುಕೊಟ್ಟಿದ್ದರು. ಹೆಚ್ಚಿ ನೀರಲ್ಲಿ ಮುಳುಗಿಸಿ ಮೂರು ದಿನ ನೀರು ಬದಲಾಯಿಸಬೇಕು, ಇಲ್ಲದಿದ್ದರೆ ಅದರ ನಂಜು ಬಿಡುವುದಿಲ್ಲ. ಅರ್ಧ ಹೆಚ್ಚಿದ್ದೆನೋ ಏನೋ, ಫೋನ್ ಬಂತು. ಮೂಡಿಗೆರೆ ಬಸ್ ಸ್ಟ್ಯಾಂಡ್ ಹಿಂದೆ ಲ್ಯಾಪ್‌ಟಾಪ್ ರಿಪೇರಿ ಮಾಡುವವರದು. ಮೊದಲು ಟಿ.ವಿ. ರಿಪೇರಿ ಮಾಡುತ್ತಿದ್ದರು, ಹಳೇ ಪರಿಚಯ. ಸೆರಗಿಗೆ ಕೈ ಒರೆಸಿಕೊಂಡು ಎತ್ತಿದೆ. "ಅಕ್ಕ" ಅಂದರು, ದನಿ ಇಳಿದಿತ್ತು. ಲ್ಯಾಪ್‌ಟಾಪ್ ಉಳಿಯಲಿಲ್ಲ ಎಂದು ಅಷ್ಟಕ್ಕೇ ಗೊತ್ತಾಯಿತು.

ನಮ್ಮ ಮನೆಯವರು ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು, ಆಳುಗಳ ಹಾಜರಿ ಬರೆಯುವ ಕೆಲಸ. ಎರಡು ವರ್ಷದ ಹಿಂದೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು, ಮಾತು ಪೂರಾ ನಿಂತಿತು. ನುಂಗಲು ಬರುತ್ತದೆ, ಅದು ಶಿವನ ದಯೆ. ಎಡಗೈ ಉಳಿದಿದೆ, ಅದು ಇನ್ನೂ ದೊಡ್ಡ ದಯೆ. ಪೂಜೆಗೆ ಇಷ್ಟಲಿಂಗ ಹಿಡಿಯುವುದು ಎಡ ಅಂಗೈಯಲ್ಲೇ ಅಲ್ಲವೇ? ದಿನಾ ಬೆಳಗ್ಗೆ ಅವರು ಕೈ ಚಾಚುತ್ತಾರೆ, ನಾನು ನೀರು ಹಾಕಿ ವಿಭೂತಿ ಹಚ್ಚುತ್ತೇನೆ. ಪೂಜೆ ಒಂದು ದಿನವೂ ತಪ್ಪಿಲ್ಲ.

ಇನ್ನು ಕೆಲಸಕ್ಕೆ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಸಾಹುಕಾರರು ಎಸ್ಟೇಟ್ ಆಫೀಸಿನ ಲ್ಯಾಪ್‌ಟಾಪನ್ನು ಅವರಿಗೇ ಕೊಟ್ಟು ಕಳಿಸಿದರು. ರಟ್ಟಿನಷ್ಟು ತೆಳ್ಳಗಿನದು. ಫೋನಿನಲ್ಲಿ ಅವರ ನಡುಗುವ ಬೆರಳು ಒಂದು ಅಕ್ಷರ ಮುಟ್ಟಲು ಹೋಗಿ ನಾಲ್ಕು ಮುಟ್ಟುತ್ತಿತ್ತು. ಇದರಲ್ಲಿ ಗುಂಡಿ ಒತ್ತಬೇಕು, ಒತ್ತಿದ್ದು ಬೆರಳಿಗೆ ಗೊತ್ತಾಗುತ್ತದೆ. ಮೊದಲ ದಿನ ಬಹಳ ಹೊತ್ತು ಒತ್ತಿ ಒತ್ತಿ ನನ್ನ ಕಡೆ ತಿರುಗಿಸಿದರು. "ಚಟ್ನಿಗೆ ಉಪ್ಪಿಲ್ಲ" ಎಂದು ಬರೆದಿದ್ದರು. ಎರಡು ತಿಂಗಳು ಬಾಯಿ ಕಟ್ಟಿ ಕೂತ ಮನುಷ್ಯ ಮೊದಲು ಹೇಳಿದ್ದು ಅದು. ನಗಬೇಕೋ ಅಳಬೇಕೋ ತಿಳಿಯದೆ ಒಳಗೆ ಹೋಗಿ ಉಪ್ಪು ತಂದೆ.

ಈ ವರ್ಷ ಮುಂಗಾರು ಹಿಡಿದ ಮೇಲೆ ಅದು ಕೆಟ್ಟಿತು. ಒಳಗೆ ಫ್ಯಾನ್ ತಿರುಗುವ ಸದ್ದು, ಪರದೆ ಮಾತ್ರ ಕಪ್ಪು. ರಿಪೇರಿಯವರು ಬಿಚ್ಚಿ ನೋಡಿದರು. ಬೋರ್ಡಿನ ಮೇಲಿನ ಒಂದು ಚಿಪ್ಪಿನ ಕೆಳಗೆ ಬೆಸುಗೆ ಬಿಟ್ಟಿದೆಯಂತೆ. ಬಿಸಿಗಾಳಿ ಕೊಟ್ಟು ಮತ್ತೆ ಕೂರಿಸಿದರು. ಮನೆಗೇ ತಂದುಕೊಟ್ಟು, ಇಂಥ ರಿಪೇರಿಗೆ ಆಯುಷ್ಯ ಹೇಳಲಾಗುವುದಿಲ್ಲ, ಒಂದು ಪೆನ್‌ಡ್ರೈವ್ ತನ್ನಿ, ಬರೆದದ್ದೆಲ್ಲ ಅದಕ್ಕೆ ಇಳಿಸಿಕೊಡುತ್ತೇನೆ ಎಂದು ಎರಡು ಸಲ ಹೇಳಿದರು. ನಾನು ತಲೆಯಾಡಿಸಿದೆ. ಅವರು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ನಮ್ಮ ಮನೆಯವರು ಒಂದು ಸಾಲು ಬರೆದು ಅವರಿಗೆ ತೋರಿಸಿದರು: "ನನ್ನನ್ನೂ ಸ್ವಲ್ಪ ಬಿಸಿ ಮಾಡಿ ಕೂರಿಸ್ತೀಯೇನೋ ಮಾರಾಯ?" ಆ ದಿನ ಮೂವರೂ ನಕ್ಕೆವು. ಪೆನ್‌ಡ್ರೈವ್ ನಾಳೆ ತಂದರಾಯಿತು ಎಂದುಕೊಂಡೆ. ನಡೆಯುತ್ತಿದೆಯಲ್ಲ, ಇನ್ನೇನು ಅವಸರ ಅಂತ.

ರಿಪೇರಿ ಆದಮೇಲೆ ಅದು ಮೊದಲಿನ ಹಾಗಿರಲಿಲ್ಲ. ಬೆಳಗಿನ ಚಳಿಗೆ ಏಳುತ್ತಲೇ ಇರಲಿಲ್ಲ, ಮೂರು ನಾಲ್ಕು ಸಲ ಒತ್ತಬೇಕು. ಮಧ್ಯಾಹ್ನ ಒಂದೇ ಸಲಕ್ಕೆ ಎದ್ದುಬಿಡುತ್ತಿತ್ತು. ಇದಕ್ಕೆ ಥಂಡಿ ಆಗಿಬರುವುದಿಲ್ಲ ಎಂದು ನಾನೇ ತೀರ್ಮಾನ ಮಾಡಿದೆ. ನಮ್ಮಲ್ಲಿ ಮಳೆಗಾಲಕ್ಕೆ ಉಪ್ಪು, ಬೆಂಕಿಪೊಟ್ಟಣ, ಹಪ್ಪಳದ ಡಬ್ಬಿ ಎಲ್ಲ ಬಚ್ಚಲಿನ ಹಂಡೆ ಒಲೆಯ ಪಕ್ಕದ ಹಲಗೆ ಮೇಲೆ ಇಡುತ್ತೇವೆ. ಲ್ಯಾಪ್‌ಟಾಪನ್ನೂ ಬಟ್ಟೆ ಸುತ್ತಿ ಅಲ್ಲೇ ಇಟ್ಟೆ. ಬೆಳಗ್ಗೆ ನೀರು ಕಾಯುವಷ್ಟರಲ್ಲಿ ಅದೂ ಬೆಚ್ಚಗಾಗಿರುತ್ತಿತ್ತು, ಒತ್ತಿದ ಕೂಡಲೇ ಬೆಳಕು. ದಿನಾ ಅದು ಎದ್ದಾಗ ಕೈ ಮುಗಿಯುತ್ತಿದ್ದೆ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡದ್ದೂ ಉಂಟು.

ಆ ತಿಂಗಳೆಲ್ಲ ಅವರು ಏನೋ ಉದ್ದಕ್ಕೆ ಬರೆಯುತ್ತಿದ್ದರು. ಒಂದು ಸಾಲಿಗೆ ಅರ್ಧ ಗಂಟೆ. ನಾನು ಹತ್ತಿರ ಹೋದರೆ ಮುಚ್ಚಳ ಇಳಿಸುತ್ತಿದ್ದರು. ಒಂದು ಸಂಜೆ ಅದನ್ನು ಪೂರಾ ನನ್ನ ಕಡೆ ತಿರುಗಿಸಿ ಕೂತರು. ಕಡುಬು ಬೇಯುತ್ತಿತ್ತು. ಬಾಗಿಲಿನಿಂದಲೇ ನೋಡಿದೆ. ಪರದೆ ತುಂಬ ಅಕ್ಷರ, ಮೇಲೆ ನನ್ನ ಹೆಸರು. ಮದುವೆಯಾದಾಗಿನಿಂದ 'ಇವಳೇ' ಎಂದು ಕರೆದವರು, ಹೆಸರು ಹಿಡಿದದ್ದು ನನಗೆ ನೆನಪಿಲ್ಲ. "ಈ ಕಡುಬು ಇಳಿಸಿ ಬರ್ತೀನಿ ರೀ, ಕೂತು ಓದ್ತೀನಿ" ಅಂದೆ. ಇಳಿಸಿ ಬರುವಷ್ಟರಲ್ಲಿ ಅವರಿಗೆ ಜೋಂಪು ಹತ್ತಿತ್ತು. ಅವರು ಎದ್ದಿರುವಾಗಲೇ ಓದೋಣ, ಬೆಳಗ್ಗೆ ಆದೀತು ಎಂದು ಮುಚ್ಚಿ, ಬಟ್ಟೆ ಸುತ್ತಿ, ಹಲಗೆ ಮೇಲೆ ಇಟ್ಟೆ. ಬೆಳಗ್ಗೆ ಅದು ಏಳಲಿಲ್ಲ. ಮಧ್ಯಾಹ್ನವೂ ಏಳಲಿಲ್ಲ.

ರಿಪೇರಿಯವರು ತಮ್ಮ ಕೈಯಲ್ಲಾಗದೆ ಚಿಕ್ಕಮಗಳೂರಿನ ದೊಡ್ಡ ಅಂಗಡಿಗೆ ಕಳಿಸಿದ್ದರು. ಅಲ್ಲಿಂದ ಬಂದ ಸುದ್ದಿಯನ್ನೇ ಈಗ ಫೋನಿನಲ್ಲಿ ಹೇಳುತ್ತಿದ್ದರು. ಬೋರ್ಡ್ ಸತ್ತಿದೆ. ಹೋಗಲಿ, ಬರೆದದ್ದಷ್ಟನ್ನು ತೆಗೆದುಕೊಡಿ ಎಂದು ಕೇಳಿದೆ.

"ಹಳೇ ಕಂಪ್ಯೂಟರ್ ಆಗಿದ್ರೆ ಡಿಸ್ಕ್ ಬಿಚ್ಚಿ ಬೇರೇದಕ್ಕೆ ಹಾಕಿ ತೆಗೀಬಹುದಿತ್ತು ಅಕ್ಕ. ಇದ್ರಲ್ಲಿ ಬಿಚ್ಚೋಕೆ ಏನೂ ಇಲ್ಲ, ಎಲ್ಲ ಬೋರ್ಡಿಗೇ ಬೆಸೆದುಬಿಟ್ಟಿದ್ದಾರೆ. ಬರೆದದ್ದು ಕೂತಿರೋ ಚಿಪ್ಪನ್ನೇ ಕಿತ್ತು ನೋಡಿದ್ರಂತೆ. ಅದಕ್ಕೆ ಬೀಗ ಇದೆ, ಆ ಬೋರ್ಡಿಗೆ ಮಾತ್ರ ತೆರೆಯೋ ಬೀಗ."

ಹಂಡೆ ಒಲೆಯ ಹಲಗೆಯ ವಿಷಯ ರಿಪೇರಿಯವರಿಗೆ ಹೇಳಿರಲಿಲ್ಲ. ಆಗ ಹೇಳಿದೆ. "ಅದ್ರಿಂದ್ಲೇ ಹೋಯ್ತಾ?" ಎಂದು ಕೇಳಿದೆ.

"ಅದ್ರಿಂದ್ಲೇ ಅನ್ನೋಕಾಗಲ್ಲ. ಬಿಸಿಯಾಗಿ ತಣ್ಣಗಾಗಿ, ಬಿಸಿಯಾಗಿ ತಣ್ಣಗಾಗಿ ಬೆಸುಗೆ ತಡ್ಕೊಳ್ಳಲ್ಲ ಅಕ್ಕ. ಅದಿಲ್ದಿದ್ರೂ ಒಂದಿನ ಹೋಗ್ತಿತ್ತು." ಒಳ್ಳೆಯ ಮನುಷ್ಯ. ಪೆನ್‌ಡ್ರೈವಿನ ಮಾತು ಎತ್ತಲಿಲ್ಲ. ಎಲ್ಲಾದರೂ ಹಳೆಯದೊಂದು ಸಿಗುತ್ತದಾ ನೋಡುತ್ತೇನೆ ಎಂದರು.

ಕಳಲೆ ಹೆಚ್ಚಿ ಮುಗಿಸಿ ನೀರಿಗೆ ಹಾಕಿದೆ. ಆ ದಿನ ನಮ್ಮ ಮನೆಯವರಿಗೆ ಹೇಳಲು ಬಾಯಿ ಬರಲಿಲ್ಲ. ಗಂಜಿ ಕುಡಿಸುವಾಗ ಅವರು ಖಾಲಿ ಮೇಜಿನ ಕಡೆ ನೋಡಿ ನನ್ನ ಕಡೆ ನೋಡಿದರು. ಬಾಯಿ ಒರೆಸುವ ನೆವದಲ್ಲಿ ಮುಖ ತಪ್ಪಿಸಿದೆ.

ಮಾರನೆಯ ಬೆಳಗ್ಗೆ ಪೂಜೆ ಆದಮೇಲೆ ಹೇಳಿದೆ, ಹಲಗೆಯ ವಿಷಯವನ್ನೂ ಸೇರಿಸಿ. ಲಿಂಗ ಇನ್ನೂ ಅವರ ಅಂಗೈಯಲ್ಲಿತ್ತು. ಅವರು ಬೆರಳು ಮಡಚಿ ಅದನ್ನು ಮುಚ್ಚಿಕೊಂಡರು, ಅಷ್ಟೇ. ನಾನು ಸುಮ್ಮನಿರಬೇಕಿತ್ತು. ಇರಲಾಗಲಿಲ್ಲ, ಕೇಳುತ್ತಾ ಹೋದೆ. ದೂರದೂರಿನಲ್ಲಿರುವ ಮಗಳ ವಿಷಯವಾ? ಅಲ್ಲ ಎಂದು ತಲೆ ಆಡಿತು. ಕಾಯಿಲೆಯದಾ? ಅಲ್ಲ. ನನ್ನ ಮೇಲೆ ಬೇಜಾರಾ? ಅಲ್ಲ. ಹಾಗಾದರೆ ಒಳ್ಳೆಯದಾ? ತಲೆ ಆಚೆಗೂ ಹೋಗಲಿಲ್ಲ ಈಚೆಗೂ ಬರಲಿಲ್ಲ. ಇನ್ನೂ ಕೇಳಿದೆ. ನನಗೆ ಹೊಳೆದದ್ದೆಲ್ಲ ಮುಗಿಯಿತು. ಹೌದು, ಅಲ್ಲ ಎನ್ನುವುದು ಅವರಿಂದ ಆಗುತ್ತದೆ, ಆದರೆ ಸರಿಯಾದದ್ದನ್ನು ಕೇಳಬೇಕಾದವಳು ನಾನು. ನನಗೆ ಕೇಳಲು ತಿಳಿಯದ್ದು ಅವರ ಒಳಗೇ ಇರುತ್ತದೆ. ಇಷ್ಟು ವರ್ಷ ಜೊತೆಗೆ ಬಾಳಿದವಳಿಗೆ ಅದೇನೆಂದು ಊಹಿಸಲೂ ಆಗಲಿಲ್ಲವಲ್ಲ ಎಂಬುದು ಲ್ಯಾಪ್‌ಟಾಪ್ ಹೋದದ್ದಕ್ಕಿಂತ ಹೆಚ್ಚು ಸುಡುತ್ತದೆ.

"ಬೇರೆ ಒಂದು ಸಿಕ್ಕಿದ್ರೆ ಮತ್ತೆ ಬರೀತೀರಾ?" ಎಂದೆ ಕೊನೆಗೆ.

ಅಲ್ಲ ಎಂದು ತಲೆಯಾಡಿಸಿದರು. ಇದಕ್ಕೆ ತಡಮಾಡಲಿಲ್ಲ. ಮತ್ತೆ ಮೊದಲಿನಿಂದ ಒಂದೊಂದೇ ಅಕ್ಷರ, ತಿಂಗಳಿಡೀ. ಆ ಬೆರಳಿನ ಕಷ್ಟ ನನಗೆ ಗೊತ್ತಿಲ್ಲವೇ? ಬಲವಂತ ಮಾಡಲು ಯಾವ ಮುಖ ಇದೆ ನನಗೆ?

ಬೈಯಲಿಲ್ಲ ನನ್ನನ್ನು, ಕಣ್ಣಲ್ಲೂ ಬೈಯಲಿಲ್ಲ. ಅದನ್ನೂ ದಯೆ ಎಂದು ಎಣಿಸಿಕೊಳ್ಳಲು ನೋಡಿದೆ. ಆ ದಿನ ಎಣಿಕೆ ಕೂಡಿಬರಲಿಲ್ಲ. ಅವರ ಬೆರಳು ಬಿಡಿಸಿ ಲಿಂಗ ಒರೆಸಿ, ವಸ್ತ್ರದಲ್ಲಿ ಕಟ್ಟಿ ಕೊರಳಿಗೆ ಹಾಕಿದೆ. ಆಮೇಲೆ ಅಡುಗೆಮನೆಗೆ ಹೋಗಿ ಕಳಲೆಯ ಮೊದಲ ನೀರು ಬಸಿದು ಚೆಲ್ಲಿ, ಬೇರೆ ನೀರು ತುಂಬಿಸಿದೆ.