ಗೆದ್ದ ದಿನವೇ ಷೇರು ಮಾರಿದ ಚಲಪತಿ

ಮುನಿಶಾಮಪ್ಪ ಚಲಪತಿ, ಅರವತ್ತೆಂಟು ವರ್ಷ, ಬೇತಮಂಗಲದ ಕಡೆಯ ರೈತರ ಮಗ. ಹೆಂಡತಿ ಇಂದ್ರಾಣಿ, ಒಬ್ಬಳೇ ಮಗಳು ಶಶಿರೇಖ. ನಾನು ಅವನ ಅಕ್ಕ. ಅವನನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ನಮ್ಮನ್ನು ಎಷ್ಟು ಗೋಳು ಹೊಯ್ದುಕೊಂಡನೆಂಬುದು ದಾಖಲಾಗಬೇಕು.

ಚಿನ್ನದ ಗಣಿಯಲ್ಲಿ ಕೆಲಸಗಾರರನ್ನು ಕೆಳಗಿಳಿಸುವ ಯಂತ್ರ ನಡೆಸುತ್ತಿದ್ದ. ಗಣಿ ಮುಚ್ಚಿದ ಮೇಲೆ ಬಂಗಾರಪೇಟೆಯಲ್ಲಿ ಪಂಪ್‌ಸೆಟ್ಟು ರಿಪೇರಿ ಮಾಡಿ ಉಳಿಸಿದ್ದನ್ನೆಲ್ಲ, ಅಳಿಯ ವಿಜಯಕುಮಾರನ ಮೂಲಕ, ಅಮೆರಿಕದ ಒಂದು ದೊಡ್ಡ ತಂತ್ರಜ್ಞಾನ ಕಂಪನಿಯ ಷೇರಿಗೆ ಹಾಕಿದ. ಆ ಕಂಪನಿ ಎದುರಾಳಿಗಳನ್ನು ಬೆಳೆಯಗೊಡದೆ ಮಾರುಕಟ್ಟೆಯನ್ನೇ ಹಿಡಿದಿಟ್ಟಿದೆಯೆಂದು ಅಲ್ಲಿನ ಸರ್ಕಾರ ಮೊಕದ್ದಮೆ ಹೂಡಿತು. ವರ್ಷಗಟ್ಟಲೆ ನಡೆದ ಮೊಕದ್ದಮೆ ತೀರ್ಪಿನ ಹೊಸ್ತಿಲಿಗೆ ಬಂದಾಗ, ಸೋತರೆ ಕಂಪನಿಯನ್ನು ಹೋಳು ಮಾಡಬಹುದೆಂಬ ಸುದ್ದಿ ಬಂತು.

ಅದೇ ತಿಂಗಳು, ರಾಬರ್ಟ್‌ಸನ್‌ಪೇಟೆಯಲ್ಲಿ ಶಶಿರೇಖ ಬಾಡಿಗೆಗೆ ನಡೆಸುತ್ತಿದ್ದ ಔಷಧಿ ಅಂಗಡಿಯನ್ನು ಮಾಲೀಕ ಮಾರಲು ನಿಂತ. ಅವಳು ಕೊಳ್ಳುವುದಾದರೆ ದೀಪಾವಳಿಯೇ ಗಡುವು, ತಪ್ಪಿದರೆ ಬೇರೆಯವರ ಪಾಲು.

“ಈಗ್ಲೇ ಮಾರ್ಬಿಡು ಚಲಪತಿ. ಕೋರ್ಟು ಒಡೆದಾಕಿದ್ರೆ ಮಗಳ ಅಂಗ್ಡಿ ಓಯ್ತು,” ಎಂದೆ.

“ಇರಕ್ಕಾ, ತೀರ್ಪು ಬರ್ಲಿ. ಅಷ್ಟು ದೊಡ್ಡದನ್ನ ಯಾವ ಜಡ್ಜೂ ಒಡೆಯಲ್ಲ. ದಂಡ ಆಕಿ ಬಿಡ್ತಾರೆ.”

“ನೀನೇನು ಲಾಯರ್ರಾ?”

“ಓದಿದೀನಲ್ಲ!”

ಓದಿದ್ದು ನಿಜ. ನ್ಯಾಯಾಲಯದ ಮುನ್ನೂರು ಪುಟಗಳನ್ನು ಫೋನಿನಲ್ಲಿ ಕನ್ನಡಕ್ಕೆ ತಿರುಗಿಸಿ, ಮುದ್ರಿಸಿ, ಕೆಂಪು ಗೆರೆ ಎಳೆದಿದ್ದ. ಮುದ್ದೆ ಆರಿಹೋಗುವುದನ್ನು ನೋಡುತ್ತ ಕುಳಿತ ಇಂದ್ರಾಣಿ ಕೇಳಿದಳು: “ಈವಪ್ಪ ಆ ಕಂಪನಿ ವಕೀಲ್ರಾ, ನಮ್ಮನೆ ಯಜಮಾನ್ರಾ?”

ಗಡುವಿಗೆ ಇಪ್ಪತ್ತು ದಿನವಿರುವಾಗ ತೀರ್ಪು ಬಂತು. ದಂಡ, ಕೆಲವು ಷರತ್ತು, ಅಷ್ಟೇ. ಷೇರು ಜಿಗಿಯಿತು. “ಅಂಗ್ಡಿಗೆ ಬೇಕಾದಷ್ಟೇ ಮಾರಿ ಮಾವ, ಇನ್ನೂ ಏರ್ತದೆ,” ಎಂದು ಅಳಿಯ ಬೇಡಿಕೊಂಡ. ಇವನು ಆ ಸಂಜೆಯೇ ಒಂದನ್ನೂ ಉಳಿಸದೆ ಮಾರಿದ.

“ಸೋಲ್ತದೆ ಅಂದಾಗ ಇಟ್ಕೊಂಡೆ, ಗೆದ್ಮೇಲೆ ಮಾರ್ದೆ. ತಲೆ ನೆಟ್ಟಗೈತೇನ್ಲಾ?” ಎಂದು ಬೈದೆ.

“ಗಣಿ ಕಂಪನಿದೇ ನೀರು, ಅವ್ರದೇ ಕರೆಂಟು, ಅವ್ರದೇ ಆಸ್ಪತ್ರೆ. ಬಾಗ್ಲಾಕಿದ ದಿನ ಏನಾಯ್ತಕ್ಕಾ? ಕೋರ್ಟಿನ ಬಯ ಇರೋವರ್ಗೂ ಕಂಪನಿ ಉಷಾರಾಗಿರ್ತದೆ. ಈಗ ಅದಕ್ಕೆ ಬಯ ಇಲ್ಲ. ಅದ್ಕೇ ನಂಗೆ ಬಯ.”

ಷೇರು ಮತ್ತೂ ಏರಿತು. ಪ್ರತಿ ಭಾನುವಾರ ಅಳಿಯ ಬೆಲೆಯನ್ನು ಗಟ್ಟಿಯಾಗಿ ಓದುತ್ತಿದ್ದ. ಇವನು ಇನ್ನೊಂದು ಸೌಟು ಸಾರು ಕೇಳುತ್ತಿದ್ದ. ಈ ಫೆಬ್ರವರಿಯಲ್ಲಿ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡ.

ಬಿಟ್ಟುಹೋದದ್ದು: ಮಗಳ ಹೆಸರಿಗೆ ನೋಂದಣಿಯಾದ ಅಂಗಡಿ. ಸ್ಪ್ಯಾನರ್ ಪೆಟ್ಟಿಗೆ. ಒಂದು ಕಾಲಿಗೆ ದಾರ ಕಟ್ಟಿದ ಕನ್ನಡಕ. ರದ್ದಿಗೆ ಹಾಕಲು ಇಂದ್ರಾಣಿ ಒಪ್ಪದ ಮುನ್ನೂರು ಪುಟ. ಷೇರು ಒಂದೂ ಇಲ್ಲ. ವಿಜಯಕುಮಾರ ಇವತ್ತಿಗೂ ಅದರ ಬೆಲೆ ನೋಡುತ್ತಾನೆ.