ಗೇರುಬೀಜದ ಮತದಾನ

ಪುರಾತನ ಗ್ರೀಸಿನ ಊರುಗಳಲ್ಲಿ ನಮ್ಮ ಭಜನಾ ಮಂಡಳಿಯಂಥ ಖಾಸಗಿ ದೇವರ ಸಂಘಗಳು ಬೇಕಾದಷ್ಟಿದ್ದವು. ನಾಲ್ಕು ಜನ ಸೇರಿ ತಮಗೆ ಬೇಕಾದ ದೇವರನ್ನು ಇಟ್ಟುಕೊಂಡು, ನಿಯಮಗಳನ್ನು ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು: ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂರಬಾರದು, ಜಗಳ ಕೂಡದು, ಸದಸ್ಯ ಸತ್ತರೆ ಉಳಿದವರು ಶವಯಾತ್ರೆಗೆ ಹೋಗಬೇಕು. ಕುಂದಾಪುರದ ಕಾಲೇಜಿನಲ್ಲಿ ನಾನು ಇದನ್ನು ಪಾಠ ಮಾಡುವಾಗ ಮಕ್ಕಳು ಆಕಳಿಸುತ್ತಿದ್ದರು. ನಿವೃತ್ತನಾಗಿ ಉಪ್ಪುಂದಕ್ಕೆ ಬಂದ ಮೇಲೆ ಆ ಸೇಡನ್ನು ನಮ್ಮ ಮಂಡಳಿಯ ಮೇಲೆ ತೀರಿಸಿಕೊಂಡೆ. ಹತ್ತು ನಿಯಮ ಬರೆದುಕೊಟ್ಟೆ. ಹೊಸಬರು ಸೇರಬೇಕಾದರೆ ಒಂದು ಭಜನೆ ಪದ ಹಾಡಬೇಕು, ಆಮೇಲೆ ಗುಟ್ಟಿನ ಮತ, ಸೋತವರು ಮತ್ತೆ ಕೇಳುವಂತಿಲ್ಲ.

ಹೆಂಗಸರನ್ನು ಸೇರಿಸಬಾರದು ಎಂದು ನಾನು ಬರೆದಿರಲಿಲ್ಲ. ಇದ್ದ ಒಂಬತ್ತೂ ಜನ ಗಂಡಸರೇ, ಹಾಗಾಗಿ ಆ ಯೋಚನೆ ಯಾರಿಗೂ ಬಂದಿರಲಿಲ್ಲ. ಬಂದದ್ದು ಮನೆಮನೆಗೆ ಮೀನು ಮಾರುವ ಅಜ್ಜಿಗೆ. ಒಂದು ಶನಿವಾರ ಸಂಜೆ ಬುಟ್ಟಿಯನ್ನು ಹೊರಗಿಟ್ಟು, ಕೈಕಾಲು ತೊಳೆದು, ನೇರ ನಮ್ಮ ಭಜನಾ ಮಂದಿರದ ಒಳಗೆ ಬಂದರು.

“ಹ್ವಾಯ್, ನನ್ನನ್ನೂ ಸೇರ್ಸ್ಕಣಿ.”

“ಎಂತಕೆ?” ಎಂದ ಕಾರ್ಯದರ್ಶಿ.

“ನಿಮ್ಮೊಳ್ಗ್ ಯಾರಾರೂ ಸತ್ರೆ ಎಲ್ಲ ಹೋಯಿ ಭಜನಿ ಮಾಡ್ತ್ರಿ ಅಲ್ದಾ? ಅದಕ್ಕೆ.”

ಅಜ್ಜಿಯ ಗಂಡ ದೋಣಿಯಲ್ಲಿ ಹೋದವರು ಮರಳಿ ಬರಲಿಲ್ಲ. ಹೆಣ ಸಿಗಲಿಲ್ಲ, ಹೊರುವುದಕ್ಕೂ ಹಾಡುವುದಕ್ಕೂ ಏನೂ ಇರಲಿಲ್ಲ. ತನಗಾದರೂ ಸರಿಯಾದ ಒಂದು ಮೆರವಣಿಗೆ ಬೇಕು ಎಂಬುದಷ್ಟೇ ಅವರ ಆಸೆ. ಕೇಳಿ ನನಗೆ ಸಂಕಟವಾಯಿತು.

ಆಮೇಲೆ ಅವರು ಹಾಡಿದರು. ಬಂಗುಡೆ ಮೀನು ಬಂದದ್ದನ್ನು ನಾಲ್ಕನೇ ಮನೆಗೂ ಕೂಗಿ ತಿಳಿಸಿ ಪಳಗಿದ ಗಂಟಲು ಅದು. ತಬಲದವನ ಕೈ ಗಾಳಿಯಲ್ಲೇ ನಿಂತಿತು. ಹೊರಗೆ ಬುಟ್ಟಿ ಮೂಸುತ್ತಿದ್ದ ಬೆಕ್ಕು ಮೀನಿನ ಆಸೆಯನ್ನೇ ಬಿಟ್ಟು ಓಡಿತು.

ಕಾರ್ಯದರ್ಶಿ ಗೇರುಬೀಜದ ಕಾರ್ಖಾನೆಯ ಮೇಸ್ತ್ರಿ. ನನ್ನ ಪಾಠಕ್ಕೆ ಆಕಳಿಸದೆ ಕೂತಿದ್ದ ಒಬ್ಬನೇ ವಿದ್ಯಾರ್ಥಿ, ಅದರ ಫಲವನ್ನು ಈಗ ಅನುಭವಿಸುತ್ತಿದ್ದೇನೆ. ನಿಯಮವೆಂದರೆ ಅವನಿಗೆ ಪ್ರಾಣ. ಅಜ್ಜಿಯನ್ನು ಜಗಲಿಯಲ್ಲಿ ಕೂರಿಸಿ, ಎಲ್ಲರಿಗೂ ಒಂದು ಹುರಿದ ಗೇರುಬೀಜ, ಒಂದು ಒಣ ಚಿಪ್ಪು ಹಂಚಿದ. ಒಪ್ಪಿಗೆಯಾದರೆ ಬೀಜ, ಇಲ್ಲದಿದ್ದರೆ ಚಿಪ್ಪು, ಬೇಡದ್ದು ಕಿಸೆಗೆ. ಮುಚ್ಚಿದ ಮುಷ್ಟಿಯಿಂದ ಒಬ್ಬೊಬ್ಬರೇ ತಂಬಿಗೆಗೆ ಹಾಕಿದೆವು. ಯಾರೂ ಮೋಸ ಮಾಡದಿರಲಿ ಎಂದು ಜಾಣನಾದ ನಾನು ಆ ತಂಬಿಗೆಯನ್ನು ದೇವರ ಮುಂದೆ, ದೀಪದ ಪಕ್ಕ ಇಟ್ಟೆ. ಎಲ್ಲರೂ ಚಹಾ ಕುಡಿಯಲು ಹಿಂದಿನ ಕೋಣೆಗೆ ಹೋದೆವು.

ಬಂದು ನೋಡಿದರೆ ಅಜ್ಜಿ ದೇವರ ಮುಂದೆ ಕೂತು ಜಗಿಯುತ್ತಿದ್ದರು.

“ಎಂತ ತಿಂತಿದ್ರಿ?”

“ಪ್ರಸಾದ. ಅಲ್ಲ ಮಾರಾಯ್ರೆ, ದೇವ್ರ್ ಪ್ರಸಾದದಗ್ ಸಿಪ್ಪಿ ಹಾಕಿದ್ದ್ ಯಾರ್? ನಾಚ್ಕಿ ಇಲ್ಲ್ಯಾ ನಿಮ್ಗೆ?”

ತಂಬಿಗೆಯಲ್ಲಿ ನಾಲ್ಕು ಚಿಪ್ಪುಗಳು ಮಾತ್ರ ಉಳಿದಿದ್ದವು. ತಮ್ಮ ಕಡೆಯ ಮತಗಳನ್ನೆಲ್ಲ ಅಜ್ಜಿಯೇ ತಿಂದು ಮುಗಿಸಿದ್ದರು.

“ತಂಬ್ಗಿಯಗ್ ಇದ್ದದ್ದೇ ಲೆಕ್ಕ,” ಎಂದ ಕಾರ್ಯದರ್ಶಿ. “ನಾಲ್ಕ್ ಬೇಡ, ಬೇಕ್ ಒಂದೂ ಇಲ್ಲೆ. ಅಜ್ಜಿ ಸೋತ್ರ್.”

ನನಗೆ ಮೈ ಉರಿಯಿತು. ನಿಯಮ ಬರೆದವನು ನಾನೇ ಎಂಬುದಕ್ಕೆ ಇನ್ನೂ ಉರಿಯಿತು. ವಿಷಯ ತಿಳಿದ ಅಜ್ಜಿ ಬಾಯಿಯಲ್ಲಿದ್ದುದನ್ನು ನುಂಗಲೂ ಆರದೆ, ಉಗುಳಲೂ ಆರದೆ ನಮ್ಮನ್ನೇ ನೋಡುತ್ತಾ ಕೂತರು. ಆ ಮುಖ ನೋಡಲಾಗಲಿಲ್ಲ.

“ನಾ ಹಾಕಿದ್ದ್ ಬೀಜ,” ಎಂದೆ. ಅದು ನಿಜವೇ ಆಗಿತ್ತು.

“ನಂದೂ ಬೀಜ,” ಎಂದ ತಬಲದವನು. ಅವನ ಕಿಸೆಯಲ್ಲಿ ಹುರಿದ ಬೀಜ ಬಿಟ್ಟ ಎಣ್ಣೆಕಲೆ ಬೇರೆಯೇ ಹೇಳುತ್ತಿತ್ತು. ಮೂರನೆಯವರು, ನಾಲ್ಕನೆಯವರು, ಹೀಗೆ ಎಂಟೂ ಜನ ಬೀಜ ಹಾಕಿದವರೇ ಆದೆವು. ನಾಲ್ಕು ಚಿಪ್ಪುಗಳು ಮಾತ್ರ ಅಪ್ಪ ಅಮ್ಮ ಇಲ್ಲದೆ ತಂಬಿಗೆಯಲ್ಲಿ ಬಿದ್ದಿದ್ದವು. ಕೊನೆಗೆ ಎಲ್ಲರೂ ಕಾರ್ಯದರ್ಶಿಯನ್ನು ನೋಡಿದೆವು. ಅವನು ತಂಬಿಗೆಯೊಳಗೆ ನೋಡಿದ, ಅಜ್ಜಿಯನ್ನು ನೋಡಿದ, ಕೆಮ್ಮಿದ.

“ನಾನೂ ಬೀಜವೇ ಹಾಕಿದ್ದ್.”

ಅಜ್ಜಿ ಆಗ ನುಂಗಿದರು. “ಹಂಗಾರೆ ನಾ ಸತ್ತ್ ದಿವ್ಸ ನೀವ್ ಒಂಬತ್ತ್ ಜನವೂ ಬತ್ರಿ?”

“ಬತ್ತೊ, ಅಜ್ಜಿ,” ಎಂದೆವು.

ಅವರು ನಮ್ಮ ಬಿಳಿ ತಲೆಗಳನ್ನೂ, ತಬಲದವನ ಉಬ್ಬಸವನ್ನೂ, ನನ್ನ ಊರುಗೋಲನ್ನೂ ಒಂದೊಂದಾಗಿ ನೋಡುತ್ತಾ ಹೋದರು. ಮುಖದಲ್ಲಿ ಚಿಂತೆ ಕಾಣಿಸಿತು.

“ನನ್ಕಿಂತ ಮುಂಚೆ ನಿಮ್ಮೊಳ್ಗ್ ಯಾರೂ ಸಾಯೂಕಾಗ. ಅದನ್ನೂ ಬರೀನಿ ಕಾಣಿ.”

ಹನ್ನೊಂದನೇ ನಿಯಮವೆಂದು ಬರೆದೆ. ಇದುವರೆಗೆ ಯಾರೂ ಮುರಿದಿಲ್ಲ.