ಗಿರಿಜತ್ತೆ ಬಿದ್ದ ದಿನಗಳು

ದಾವಣಗೆರೆಯ ಮಂಡಿಪೇಟೆಯಲ್ಲಿ ಚಪ್ಪಲಿ ಹೊಲಿಸಲು ನಿಂತಾಗ, ನೆನೆದ ಹಳೆಯ ಚರ್ಮದ ವಾಸನೆಗೆ ನಾನು ಈಗಲೂ ಮೂಗು ಮುಚ್ಚಿಕೊಳ್ಳುತ್ತೇನೆ. ಸಾರಥಿ ಎಂಬ ಹಳ್ಳಿಯ ನಮ್ಮ ಮಣ್ಣಿನ ಮನೆ, ಅಪ್ಪನ ತಂಗಿ ಗಿರಿಜತ್ತೆ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಎದ್ದು ಬರುತ್ತದೆ. ಆ ಮನೆ ನಡೆಯುತ್ತಿದ್ದುದೇ ಚಂದ್ರನನ್ನು ನೋಡಿಕೊಂಡು. ಅಮಾವಾಸ್ಯೆಯ ಹತ್ತಿರ ಕಡಿದ ಬಿದಿರಿಗೆ ಹುಳ ಹತ್ತುವುದಿಲ್ಲ, ಹುಣ್ಣಿಮೆಗೆ ಮುಂಚೆ ಊರಿದ ಅವರೆ ಬೇಗ ಮೊಳೆಯುತ್ತದೆ ಎನ್ನುತ್ತಿದ್ದ ತಾತ. ಅವನ ಬೆರಳು ಹಿಡಿದು ಹಸಿ ಮಣ್ಣಿನಲ್ಲಿ ಬೀಜ ಊರಿದ್ದು ನೆನೆದರೆ ಇಂದಿಗೂ ಹಿತವೆನಿಸುತ್ತದೆ, ಹಾಗನ್ನಿಸುವುದಕ್ಕೇ ಹೇಸಿಗೆಯೂ ಆಗುತ್ತದೆ. ಏಕೆಂದರೆ ಮೂರ್ಛೆರೋಗವಿದ್ದ ಅತ್ತೆಯನ್ನು ಅದೇ ತಾತ ಪ್ರತಿ ಅಮಾವಾಸ್ಯೆ ಬೆಳಿಗ್ಗೆಯೇ ಹೊಟ್ಟು ತುಂಬುವ ಕೋಣೆಗೆ ನೂಕಿ ಚಿಲಕ ಹಾಕುತ್ತಿದ್ದ.

"ಸಮುದ್ರದ ನೀರ್ನೇ ಎಳಿತಾನ ಚಂದ್ರ. ತಲಿಯಾಗಿನ ನೀರು ಬಿಡ್ತಾನೇನು?" ಎನ್ನುತ್ತಿದ್ದ.

ಉಳಿದ ದಿನಗಳಲ್ಲಿ ಅವಳು ಬಿದ್ದರೆ, ಸಗಣಿ ಮೆತ್ತಿದ ಚರ್ಮದ ಎಕ್ಕಡವನ್ನು ಮೂಗಿಗೆ ಒತ್ತುವುದೇ ಮದ್ದು. ಅದನ್ನು ತರುವ ಕೆಲಸ ಒಂಬತ್ತು ವರ್ಷದ ಹುಡುಗಿಯಾಗಿದ್ದ ನನ್ನದು. ಓಡಿ ತರುತ್ತಿದ್ದೆ. ಅವಳ ಬಾಯಿಯ ನೊರೆ, ಸಗಣಿ, ನಾಲಿಗೆ ಕಚ್ಚಿದ ರಕ್ತ ಕಲೆತು ಗಲ್ಲದ ಮೇಲೆ ಇಳಿಯುತ್ತಿತ್ತು. ಎಚ್ಚರವಾದ ಮೇಲೆ ಅತ್ತೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆಯುತ್ತಿದ್ದಳು.

ಒಂದು ದಿನ ಅವಳೇ ನನ್ನನ್ನು ಕರೆದು, "ನಾ ಬಿದ್ದ ದಿನಕ್ಕೆಲ್ಲ ಕ್ಯಾಲೆಂಡರ್‌ನ್ಯಾಗ ಗುರುತು ಹಾಕು. ಯಾರಿಗೂ ಹೇಳಬ್ಯಾಡ" ಎಂದಳು. ಹಾಕಿದೆ. ಐದಾರು ತಿಂಗಳಲ್ಲಿ ಗುರುತುಗಳು ಬಿದಿಗೆ, ಸಪ್ತಮಿ, ದಶಮಿ ಎನ್ನದೆ ಎಲ್ಲೆಡೆ ಚೆಲ್ಲಿಕೊಂಡಿದ್ದವು. ಅತ್ತೆ ಅದನ್ನು ತಾತನ ಮುಂದೆ ಹರಡಿದಳು.

"ನೋಡಪ್ಪ, ಚಂದ್ರನ ಕಾಟ ಅಲ್ಲ ಇದು. ದಾವಣಗೆರೆ ದೊಡ್ಡಾಸ್ಪತ್ರಿಗೆ ಕರ್ಕಂಡು ಹೋಗು, ಗುಳಿಗಿ ಕೊಡ್ತಾರಂತೆ."

ತಾತ ಪುಟಗಳನ್ನೆಲ್ಲ ತಿರುವಿ, ಅಮಾವಾಸ್ಯೆಯ ಮೇಲಿದ್ದ ಒಂದೇ ಒಂದು ಗುರುತಿನ ಮೇಲೆ ಬೆರಳಿಟ್ಟ. "ಇಲ್ಲೈತಲ್ಲ" ಎಂದ.

ಮುಂದಿನ ಅಮಾವಾಸ್ಯೆಯಂದು ಕೋಣೆಯಲ್ಲಿ ಒಬ್ಬಳೇ ಇದ್ದಾಗ ಅತ್ತೆ ಬೋರಲು ಬಿದ್ದಳು. ಸಂಜೆ ಚಿಲಕ ತೆಗೆದಾಗ ಮೂಗು ಬಾಯಿಗೆಲ್ಲ ಹೊಟ್ಟು ತುಂಬಿತ್ತು, ಮೈ ತಣ್ಣಗಾಗಿತ್ತು. ಸಾವಿಗೆ ಬಂದವರೆಲ್ಲ ತಾತನ ಕೈ ಹಿಡಿದು, "ನೀವು ಹೇಳಿದ್ದು ಖರೆ ಆತ್ ನೋಡ್ರಿ" ಎಂದರು. ದುಃಖದಲ್ಲೂ ಅವನ ಮುಖದಲ್ಲಿ ಗೆದ್ದವನ ಕಳೆಯೊಂದು ಮಿನುಗಿ ಮಾಯವಾದದ್ದನ್ನು ನಾನು ನೋಡಿದೆ.

ತಾತ ಹೋದ. ಮನೆಯೂ ಬಿದ್ದು ಗದ್ದೆಯಾಯಿತು. ಅತ್ತೆಯದೊಂದು ಫೋಟೊ ಕೂಡ ಇಲ್ಲ. ಅವಳು ನಗುತ್ತಿದ್ದಳೇ, ನಕ್ಕರೆ ಹೇಗಿರುತ್ತಿದ್ದಳು ಎಂದು ಕೇಳಲು ಈಗ ಯಾರೂ ಉಳಿದಿಲ್ಲ.